ಮುಚ್ಚಬೇಡಿ, ತೊಳೆಯಿರಿ

ನಮ್ಮ ಮನೆಯ ಪಿಕಪ್ ಗಾಡಿಯ ಆರ್.ಸಿ.ಯಲ್ಲಿ ಇರುವುದು ನನ್ನ ಹೆಸರು. ನನ್ನ ಮೇಲಿನ ಗೌರವದಿಂದ ಆದದ್ದೆಂದು ತಿಳಿಯಬೇಡಿ. 2018ರಲ್ಲಿ ಗಾಡಿ ಕೊಳ್ಳುವಾಗ ಮುಂಗಡದ ಹಣಕ್ಕೆ ಅಡವಿಟ್ಟದ್ದು ನನ್ನ ತವರಿನ ಬಳೆಗಳನ್ನು. ಯಜಮಾನರ ಹೆಸರಿನಲ್ಲಿ ಆಗಲೇ ಒಂದು ಸಾಲವಿತ್ತು. ಹಾಗಾಗಿ ತೋರಿಸಿದ ಕಡೆಯೆಲ್ಲ ನಾನು ಸಹಿ ಹಾಕಿದೆ. ಅಲ್ಲಿಗೆ ನನ್ನ ಒಡೆತನ ಮುಗಿಯಿತು. ಯಾವ ಟೈರು, ಯಾವ ಎಣ್ಣೆ, ಯಾವ ಮೇಸ್ತ್ರಿ ಎಂದು ನನ್ನನ್ನು ಕೇಳಿದವರಿಲ್ಲ. ನಮ್ಮ ತಿಪಟೂರಿನಂಥ ಊರಿನಲ್ಲಿ ಹೀಗೆ ಹೆಂಡತಿಯ ಹೆಸರಿನಲ್ಲಿ ಓಡುವ ಗಾಡಿಗಳು ಎಷ್ಟಿವೆಯೋ! ನಿಮ್ಮ ಮನೆಯಲ್ಲೂ ಒಂದಿದ್ದೀತು. ಬೀರುವಿನಿಂದ ಕಾರ್ಡು ತೆಗೆದು ಒಮ್ಮೆ ನೋಡಿ.

ಹೋದ ಆಷಾಢದಲ್ಲಿ ನಮ್ಮ ಗಾಡಿ ಕೆಟ್ಟಿತು. ಕೆಟ್ಟಿತು ಎಂದರೆ ನಿಂತೇ ಹೋಗಲಿಲ್ಲ, ಆದರೆ ಓಡುವ ಮನಸ್ಸು ಅದಕ್ಕಿರಲಿಲ್ಲ. ಹಳ್ಳಿಗಳ ಅಟ್ಟದಿಂದ ಇಳಿಸಿದ ಉಂಡೆ ಕೊಬ್ಬರಿಯ ಚೀಲಗಳನ್ನು ಮಾರುಕಟ್ಟೆಗೆ ತರುವುದು ನಮ್ಮ ಬಾಡಿಗೆ. ಸಣ್ಣ ಏರು ಬಂದರೂ ಗಾಡಿ ಏದುಸಿರು ಬಿಡುತ್ತಿತ್ತು. ನಿಂತಲ್ಲೇ ನಡುಗುತ್ತಿತ್ತು. ಬೆಳಗಿನ ಐದಕ್ಕೆ ಸ್ಟಾರ್ಟ್ ಮಾಡಿದರೆ ಜಗಲಿಯ ಮೇಲೆ ಕೂತ ನಮ್ಮ ಅತ್ತೆಯವರು ಕಾಣದಷ್ಟು ಕಪ್ಪು ಹೊಗೆ. ನಲವತ್ತು ವರ್ಷ ಸೌದೆ ಒಲೆ ಊದಿದ ಜೀವ ಅದು. ಎದೆಯಲ್ಲಿ ಸದಾ ಗೊರಗೊರ. ಸೆರಗು ಮೂಗಿಗೆ ಹಿಡಿದು ಒಳಗೆ ಬರುತ್ತಿದ್ದರೇ ಹೊರತು ಮಗನಿಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಬಾಡಿಗೆ ಗಾಡಿ ತಾನೆ ಮನೆಗೆ ಅನ್ನ ತರುವುದು!

ಮೊದಲು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದರು. ಇ.ಜಿ.ಆರ್. ವಾಲ್ವ್ ಹೋಗಿದೆ, ಹೊಸದು ಹಾಕಬೇಕು, ಹದಿನೆಂಟು ಸಾವಿರ ಎಂದರು. ಬಿಚ್ಚಿ ನೋಡಿದಿರಾ ಎಂದರೆ ಉತ್ತರವಿಲ್ಲ. ಅಲ್ಲಿಂದ ಬಿ.ಎಚ್. ರಸ್ತೆಯ ನಮ್ಮ ಹಳೆಯ ಮೇಸ್ತ್ರಿಯ ಹತ್ತಿರ ಬಂದರು. ಅಂದು ನಾನೂ ಗಾಡಿಯಲ್ಲಿದ್ದೆ, ಯಾವುದೋ ಮದುವೆ ಮುಗಿಸಿಕೊಂಡು ಬರುತ್ತಿದ್ದೆವು. ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ನಕ್ಕರು.

“ಅಣ್ಣಾ, ಈಜಿಆರ್ ಕಟ್ಕೊಂಡಿದೆ. ಕಂಪೆನಿಯೋರು ಇಟ್ಟಿರೋ ಕಾಟ ಅದು. ಒಂದು ತಗಡು ಹಾಕಿ ಬ್ಲಾಕ್ ಮಾಡಿಬಿಡ್ತೀನಿ. ಐನೂರು ರೂಪಾಯಿ ಕೆಲ್ಸ. ಜನ್ಮದಲ್ಲಿ ಮತ್ತೆ ಈ ತಲೆನೋವಿಲ್ಲ.”

“ಅದನ್ನ ಯಾಕೆ ಇಟ್ಟಿರ್ತಾರೆ?” ಎಂದು ನಾನು ಕೇಳಿದೆ.

“ಅದೆಲ್ಲ ನಿಮಗ್ಯಾಕಕ್ಕಾ? ನೆರಳಲ್ಲಿ ಕೂತ್ಕಳಿ, ಎಳನೀರು ತರಿಸ್ತೀನಿ.”

ಎಳನೀರು ಕುಡಿದೆ. ತಗಡು ಬಿತ್ತು. ಗಾಡಿ ನಿಜಕ್ಕೂ ಚೆನ್ನಾಗಿ ಎಳೆಯತೊಡಗಿತು, ಕಪ್ಪು ಹೊಗೆಯೂ ಇಳಿಯಿತು. ಆದರೆ ಮೂರನೆಯ ದಿನ ಸ್ಟೀರಿಂಗಿನ ಮುಂದೆ ಹಳದಿ ದೀಪವೊಂದು ಹತ್ತಿಕೊಂಡು ಆರಲೇ ಇಲ್ಲ. ಅದಕ್ಕೂ ಮೇಸ್ತ್ರಿಯ ಹತ್ತಿರ ಮದ್ದಿತ್ತು. ಲ್ಯಾಪ್‌ಟಾಪ್ ಹಿಡಿದ ಒಬ್ಬ ಹುಡುಗ ಬಂದು, ಗಾಡಿಯ ಕಂಪ್ಯೂಟರನ್ನು ತಿದ್ದಿ, ಆ ದೀಪ ಇನ್ನೆಂದೂ ಹತ್ತದಂತೆ ಮಾಡುತ್ತಾನಂತೆ. ಈ ಮಾತು ಕಿವಿಗೆ ಬಿದ್ದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೊದಲು ಒಂದು ಬಾಯಿ ಮುಚ್ಚಿದರು. ಮುಚ್ಚಿದ್ದಾರೆಂದು ದೂರು ಹೇಳಿದ ಇನ್ನೊಂದು ಬಾಯಿಯನ್ನೂ ಈಗ ಮುಚ್ಚಬೇಕು. ಈ ರೀತಿಯ ರಿಪೇರಿ ಹೆಂಗಸರಾದ ನಮಗೆ ಹೊಸದೇನಲ್ಲ ಬಿಡಿ. ಗಾಡಿಯ ವಿಷಯದಲ್ಲಾದರೂ ಅದನ್ನು ನಾನು ಸಹಿಸಬೇಕಾಗಿರಲಿಲ್ಲ. ಕಾಗದದ ಮೇಲೆ ಗಾಡಿ ನನ್ನದು.

ನನ್ನ ಅಕ್ಕನ ಮಗ ಐ.ಟಿ.ಐ.ಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತವನು. ಫೋನು ಮಾಡಿ, ಅದೇನು ವಾಲ್ವ್, ಯಾಕಿದೆ, ನನಗೆ ತಿಳಿಯುವ ಹಾಗೆ ಹೇಳು ಎಂದೆ. ಅವನು ಹೇಳಿದ್ದನ್ನು ನಾನು ನಮ್ಮ ಒಲೆಯ ಭಾಷೆಗೆ ತಿರುಗಿಸಿಕೊಂಡೆ. ಅದನ್ನೇ ನಿಮಗೂ ಹೇಳುತ್ತೇನೆ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಸಾರಜನಕ ಸಾಧು ಪ್ರಾಣಿ. ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಆದರೆ ಡೀಸೆಲ್ ಎಂಜಿನ್ನಿನ ಹೊಟ್ಟೆಯಲ್ಲಿ ಉರಿ ಮಿತಿಮೀರಿದಾಗ ಈ ಸಾಧುವೂ ಆಮ್ಲಜನಕದ ಜೊತೆ ಸೇರಿಬಿಡುತ್ತದೆ. ಹುಟ್ಟುವುದು ಸಾರಜನಕದ ಆಕ್ಸೈಡುಗಳು ಎಂಬ ಕೆಟ್ಟ ಅನಿಲಗಳು. ಅವು ಹುಟ್ಟದಂತೆ ಮಾಡಬೇಕಾದರೆ ಉರಿ ತಗ್ಗಬೇಕು. ನಮ್ಮ ಅತ್ತೆಯವರು ಹಾಲು ಕಾಯಿಸಲು ಇಡುವಾಗ ಕೆಂಡದ ಮೇಲೆ ಒಂದಿಷ್ಟು ಬೂದಿ ಸರಿಸುತ್ತಿದ್ದರು. ಬೂದಿ ಆಗಲೇ ಉರಿದು ಮುಗಿದ ವಸ್ತು, ಅದು ಮತ್ತೆ ಉರಿಯುವುದಿಲ್ಲ. ಹಾಗಾಗಿ ಉರಿ ಹದಕ್ಕೆ ಬರುತ್ತದೆ, ಹಾಲು ಉಕ್ಕುವುದಿಲ್ಲ. ಇ.ಜಿ.ಆರ್. ಮಾಡುವುದೂ ಇಷ್ಟೇ. ಉರಿದು ಹೊರಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ, ಹೊಸ ಗಾಳಿಯ ಜೊತೆ ಬೆರೆಸಿ ಎಂಜಿನ್ನಿನೊಳಕ್ಕೆ ಬಿಡುತ್ತದೆ. ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂದು ತೆರೆದು ಮುಚ್ಚುವ ಬಾಗಿಲೇ ಆ ವಾಲ್ವ್.

ಅದು ಕಟ್ಟಿಕೊಳ್ಳುವುದೇಕೆ? ಅದೂ ಅಡಿಗೆಮನೆಯ ಕಥೆಯೇ. ಹೊಗೆಯ ಮಸಿ, ಎಂಜಿನ್ ಆಯಿಲಿನ ಆವಿ ಎರಡೂ ಸೇರಿದರೆ ಒಗ್ಗರಣೆ ಹಾಕುವ ಗೋಡೆಯ ಮೇಲೆ ಕೂರುವಂಥ ಜಿಡ್ಡು. ದಿನ ಕಳೆದಂತೆ ಗಟ್ಟಿಯಾಗುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ತೆರೆದೇ ಸಿಕ್ಕಿಕೊಂಡರೆ ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಮುಚ್ಚಿ ಸಿಕ್ಕಿಕೊಂಡರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಕೆಟ್ಟ ಅನಿಲ ಮಾತ್ರ ಹೆಚ್ಚುತ್ತದೆ. ತಗಡು ಹಾಕುವುದೆಂದರೆ, ಕಾಣುವ ರೋಗವನ್ನು ಕಾಣದ ರೋಗಕ್ಕೆ ಬದಲಾಯಿಸಿಕೊಳ್ಳುವುದು.

ಇದನ್ನು ನಾನು ಮನೆಯಲ್ಲಿ ಹೇಳಿದೆ, ಗ್ಯಾರೇಜಿನಲ್ಲಿ ಹೇಳಿದೆ, ಬಾಡಿಗೆಗೆ ನಿಲ್ಲುವ ಗಾಡಿಗಳ ಸಾಲಿನಲ್ಲೂ ಹೇಳಿದೆ. ಬಂದ ಉತ್ತರಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲನೆಯ ಉತ್ತರ: “ತಾನು ಬಿಟ್ಟ ಹೊಗೆಯನ್ನು ತಾನೇ ಕುಡಿಯೋದು ಎಂಜಿನ್ನಿಗೆ ಒಳ್ಳೇದಾ?” ಎಂಜಿನ್ನಿಗೆ ಒಳ್ಳೆಯದಲ್ಲ, ಒಪ್ಪಿದೆ. ಮಸಿ ಕೂರುತ್ತದೆ, ಆಗಾಗ ತೊಳೆಯಬೇಕಾಗುತ್ತದೆ. ಆದರೆ ಎಂಜಿನ್ ಕುಡಿಯಲೊಲ್ಲದ ವಿಷವನ್ನು ಕುಡಿಯುವವರು ಯಾರು? ಜಗಲಿಯ ಮೇಲೆ ಕೂತ ಮುದುಕಿ. ಬಸ್ ನಿಲ್ದಾಣದಲ್ಲಿ ಮಗು ಎತ್ತಿಕೊಂಡು ನಿಂತ ತಾಯಿ. ರಸ್ತೆ ಬದಿ ಹೂ ಕಟ್ಟುವವಳು. ಆ ಕಬ್ಬಿಣದ ಆರೋಗ್ಯದ ಮೇಲಿರುವ ಕಾಳಜಿ ಇವರ ಮೇಲೆ ಯಾಕಿಲ್ಲ?

ಎರಡನೆಯದು: “ಹೊಗೆ ತಪಾಸಣೆಯಲ್ಲಿ ಪಾಸಾಗಿದೆ, ನೋಡಿ ಸರ್ಟಿಫಿಕೇಟು!” ಪಾಸಾಗದೆ ಇನ್ನೇನು? ನಮ್ಮಲ್ಲಿ ಡೀಸೆಲ್ ಗಾಡಿಯ ತಪಾಸಣೆ ಎಂದರೆ ಹೊಗೆಕೊಳವೆಗೆ ಒಂದು ಕಡ್ಡಿ ತೂರಿಸಿ, ಆಕ್ಸಿಲರೇಟರ್ ಒತ್ತಿಸಿ, ಹೊಗೆಯ ಮೂಲಕ ಬೆಳಕು ಎಷ್ಟು ಹಾಯುತ್ತದೆ ಎಂದು ಅಳೆಯುವುದು. ಅಂದರೆ ಹೊಗೆ ಎಷ್ಟು ಕಪ್ಪು ಎಂಬುದೊಂದೇ ಲೆಕ್ಕ. ಸಾರಜನಕದ ಆಕ್ಸೈಡುಗಳನ್ನು ಅಲ್ಲಿ ಅಳೆಯುವುದೇ ಇಲ್ಲ. ತಗಡು ಹಾಕಿದ ಗಾಡಿಗೆ ಕಪ್ಪು ಹೊಗೆ ಕಡಿಮೆ, ಆದ್ದರಿಂದ ಅದಕ್ಕೆ ಒಳ್ಳೆಯ ಅಂಕ. ಗಾಳಿಯನ್ನು ಹೆಚ್ಚು ಕೆಡಿಸಿದವನಿಗೆ ಹೆಚ್ಚು ಅಂಕ ಕೊಡುವ ಪರೀಕ್ಷೆ ಇದು. ಈ ವಿಷಯ ಹೇಳಿದಾಗ ಅತ್ತೆಯವರು ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಲೇ ಅಂದರು: “ಇದ್ದಿಲ ಒಲೇಲಿ ಹೊಗೆ ಕಾಣಲ್ಲ ಕಣಮ್ಮ. ಅದನ್ನ ಬಾಗಿಲು ಹಾಕಿದ ಕೋಣೇಲಿ ಇಟ್ಕಂಡು ಮಲಗಿದೋರು ಏಳಲೂ ಇಲ್ಲ.” ಅನಿಲ ಬೇರೆ, ಮಾತು ಮಾತ್ರ ಸರಿ. ಕಾಣದ್ದಕ್ಕೇ ಹೆಚ್ಚು ಹೆದರಬೇಕು.

ಕಣ್ಣಿಗೆ ಕಾಣದ ಈ ಅನಿಲದ ಗುಟ್ಟು ಹೊರಬಿದ್ದು ಎಪ್ಪತ್ತು ವರ್ಷಗಳ ಮೇಲಾಯಿತು. ಅಮೆರಿಕದ ಲಾಸ್ ಏಂಜಲೀಸ್ ಊರಿನಲ್ಲಿ ಬಿಸಿಲು ಚೆನ್ನಾಗಿರುವ ದಿನಗಳಲ್ಲೇ ಕಣ್ಣುರಿಯುವ ಮಬ್ಬು ಕವಿಯುತ್ತಿತ್ತು. ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ ಅಲ್ಲಿ ಅನಾನಸಿನ ಪರಿಮಳ ಯಾವುದರಿಂದ ಬರುತ್ತದೆಂದು ಹುಡುಕುತ್ತಿದ್ದವರು. ಅದನ್ನು ಬಿಟ್ಟು ಊರಿನ ಗಾಳಿಯನ್ನೇ ಪರೀಕ್ಷೆಗೆ ಎತ್ತಿಕೊಂಡರು. ಗಾಡಿಗಳು ಬಿಡುವ ಸಾರಜನಕದ ಆಕ್ಸೈಡುಗಳೂ ಉರಿಯದೆ ಉಳಿದ ಇಂಧನದ ಆವಿಯೂ ಬಿಸಿಲಿನಲ್ಲಿ ಸೇರಿ ಓಜೋನ್ ಆಗುತ್ತವೆ, ಕಣ್ಣೂ ಎದೆಯೂ ಉರಿಯುವುದು ಅದರಿಂದ ಎಂದು 1950ರ ದಶಕದ ಮೊದಲ ವರ್ಷಗಳಲ್ಲೇ ತೋರಿಸಿಕೊಟ್ಟರು. 1970ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಈ ಇ.ಜಿ.ಆರ್. ಬಂದದ್ದು ಈ ಅನಿಲಗಳನ್ನು ಹಿಡಿತಕ್ಕೆ ತರುವುದಕ್ಕಾಗಿ. ಬಿಸಿಲಿಗೆ ನಮ್ಮಲ್ಲೇನು ಬರವೇ?

ಈ ಅನಿಲಗಳಲ್ಲಿ ಒಂದಾದ ನೈಟ್ರೋಜನ್ ಡೈಆಕ್ಸೈಡ್ ಉಸಿರ ಕೊಳವೆಗಳನ್ನು ಕೆರಳಿಸುತ್ತದೆ, ಗೂರಲು ಇರುವವರಿಗೆ ಅದನ್ನು ಉಲ್ಬಣಿಸುತ್ತದೆ. ವರ್ಷದ ಸರಾಸರಿಯಲ್ಲಿ ಇದು ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೊಗ್ರಾಂ ಮೀರಬಾರದು ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆ ಮಿತಿಯನ್ನು 10ಕ್ಕೆ ಇಳಿಸಿತು. 2009ರಲ್ಲಿ ನಮ್ಮ ದೇಶ ಜನವಸತಿಗೆ ಗೊತ್ತುಮಾಡಿದ ಮಿತಿ 40. ನಮ್ಮ ಅತ್ತೆಯವರ ಗೊರಗೊರಕ್ಕೆ ನಮ್ಮ ಗಾಡಿಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ನಲವತ್ತು ವರ್ಷದ ಒಲೆಯೂ ಲೆಕ್ಕ ಕೊಡಬೇಕು. ಆದರೆ ಒಲೆಯ ಹೊಗೆ ಕುಡಿದು ಬಂದವಳ ಬಾಗಿಲಲ್ಲಿ ಇನ್ನೊಂದು ಹೊಗೆಕೊಳವೆ ತಂದು ನಿಲ್ಲಿಸುವುದು ಯಾವ ನ್ಯಾಯ?

ಮೂರನೆಯ ಉತ್ತರ: “ದೊಡ್ಡ ದೊಡ್ಡ ಕಂಪೆನಿಗಳೇ ಮೋಸ ಮಾಡ್ತವೆ, ನಮ್ಮದೊಂದು ಪಿಕಪ್ ಯಾವ ಲೆಕ್ಕ?” ಹೌದು, ಮಾಡಿವೆ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪೆನಿಯನ್ನು ಹಿಡಿದುಹಾಕಿತು. ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಶುದ್ಧವಾಗಿದ್ದು, ರಸ್ತೆಗೆ ಬಂದೊಡನೆ ಇದೇ ಸಾರಜನಕದ ಆಕ್ಸೈಡುಗಳನ್ನು ಮಿತಿಯ ಹಲವು ಪಟ್ಟು ಬಿಡುವ ಸಾಫ್ಟ್‌ವೇರನ್ನು ಅವರು ಡೀಸೆಲ್ ಕಾರುಗಳಲ್ಲಿ ಇಟ್ಟಿದ್ದರು. ಲೋಕದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳು. ಲೋಕವೆಲ್ಲ ಛೀ ಎಂದಿತು, ನಾವೂ ಎಂದೆವು. ಅವರು ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ನಮ್ಮ ಮೇಸ್ತ್ರಿ ತಗಡಿನಲ್ಲಿ ಮಾಡುತ್ತಾರೆ. ಅದಕ್ಕೆ ಹಗರಣ ಎಂದು ಹೆಸರು, ಇದಕ್ಕೆ ಜಾಣತನ ಎಂದು ಹೆಸರು. ದೊಡ್ಡವರ ಕಳ್ಳತನ ನಮ್ಮ ಕಳ್ಳತನಕ್ಕೆ ರಸೀದಿಯಾಗುವುದಿಲ್ಲ. ಕಾನೂನೂ ಆಗಗೊಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ, ವಾಯುಮಾಲಿನ್ಯದ ಕಟ್ಟಳೆ ಮೀರಿ ಗಾಡಿ ಓಡಿಸುವವರಿಗೂ ಓಡಿಸಗೊಡುವವರಿಗೂ ದಂಡವಿದೆ. ಓಡಿಸಗೊಡುವವರು ಯಾರು? ಆರ್.ಸಿ.ಯಲ್ಲಿ ಹೆಸರಿದ್ದವರು. ನನ್ನನ್ನು ನೆರಳಲ್ಲಿ ಕೂರಿಸಿ ಎಳನೀರು ಕುಡಿಸಿದವರಿಗೆ ಇದು ನೆನಪಿರಲಿಲ್ಲ.

ನಾಲ್ಕನೆಯ ಉತ್ತರಕ್ಕೆ ಮಾತ್ರ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. “ಹದಿನೆಂಟು ಸಾವಿರ ಎಲ್ಲಿಂದ ತರೋಣ?” ಎಂದವರು ನಮ್ಮ ಯಜಮಾನರು. ನ್ಯಾಯವಾದ ಪ್ರಶ್ನೆ. ಕೊಬ್ಬರಿಯ ಧಾರಣೆ ಏರಿದರೂ ಇಳಿದರೂ ಬಾಡಿಗೆಯವನ ಕೂಲಿ ಅಷ್ಟೇ. ಸಿಟ್ಟಿನ ಅರ್ಧ ಪಾಲನ್ನು ಆ ದೊಡ್ಡ ಸರ್ವಿಸ್ ಸೆಂಟರಿಗೂ ಹಂಚಬೇಕು. ಬಿಚ್ಚಿ ನೋಡದೆ ಬದಲಿಸಿ ಎನ್ನುವವರು ಇರುವುದರಿಂದಲೇ ಬಿಚ್ಚಿ ನೋಡದೆ ಮುಚ್ಚಿ ಎನ್ನುವವರಿಗೆ ಗಿರಾಕಿ. ಒಬ್ಬ ದುಡ್ಡಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಉಸಿರಿಗೆ. ನಡುವೆ ಮೂರನೆಯ ದಾರಿ ಒಂದಿದೆ. ಅದನ್ನು ಇಬ್ಬರೂ ಹೇಳಲಿಲ್ಲ. ಬಿಚ್ಚಿ ತೊಳೆಯುವುದು!

ತೊಳೆದೆವು. ಒಂದು ಭಾನುವಾರ ಅಕ್ಕನ ಮಗ ಬಂದ. ಅಂಗಳದಲ್ಲಿ, ಬಯಲಿನಲ್ಲೇ ಕೂತೆವು. ಆ ಕೆಲಸಕ್ಕೆ ಬಳಸುವ ದ್ರಾವಣದ ಆವಿ ಕೆಟ್ಟದ್ದು, ಬೆಂಕಿಯೂ ಬೇಗ ಹತ್ತುತ್ತದೆ. ಬೀಡಿ ಸೇದುವವರನ್ನು ಗೇಟಿನಾಚೆ ಕಳಿಸಿದ. ಎಂಜಿನ್ ಪೂರ್ತಿ ಆರಿರಬೇಕು ಎಂದು ಹಿಂದಿನ ರಾತ್ರಿಯೇ ನಿಲ್ಲಿಸಿದ್ದೆವು. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದ, ವಾಲ್ವಿನ ವೈರಿನ ಕನೆಕ್ಟರ್ ಬಿಡಿಸಿದ, ಬೋಲ್ಟು ಬಿಚ್ಚಿದ. ಬಿಚ್ಚಿದ ಬೋಲ್ಟುಗಳನ್ನು ನಾನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಟ್ಟೆ. ಮೊದಲು ಆ ತಗಡು ಹೊರಬಂತು. ಅದರ ಹಿಂದೆ ವಾಲ್ವು. ಹೆಬ್ಬೆರಳು ಹೋಗಬೇಕಾದ ದಾರಿಯಲ್ಲಿ ಕಿರುಬೆರಳೂ ಹೋಗದಷ್ಟು ಮಸಿ. ನಮ್ಮ ಹಳೆಯ ಮನೆಯ ಅಟ್ಟದ ತೊಲೆಗೆ ಕೂತಿದ್ದ ಇಲ್ಲಣವೇ ಕಣ್ಣಿಗೆ ಕಟ್ಟಿತು.

“ಚಿಕ್ಕಮ್ಮ, ಸ್ಕ್ರೂಡ್ರೈವರಲ್ಲಿ ಕೆರೀಬೇಡಿ, ಬಾಗಿಲು ಕೂರೋ ಜಾಗಕ್ಕೆ ಗೀರು ಬಿದ್ರೆ ಮತ್ತೆ ಸರಿಯಾಗಿ ಮುಚ್ಚಲ್ಲ,” ಎಂದ. ಹಾಗಾದರೆ ಇದು ನನ್ನ ಕೆಲಸ ಎಂದೆ. ನಾನ್‌ಸ್ಟಿಕ್ ತವಾ ತೊಳೆದವರಿಗೆ ಇದನ್ನು ಹೇಳಿಕೊಡಬೇಕೆ? ಕೈಗವಸು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಮರದ ಸೌಟಿನ ಹಿಡಿಯಿಂದ ದಪ್ಪ ಮಸಿ ಕೆರೆದೆ. ಆಮೇಲೆ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ನೆನೆಯಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ವಿದ್ಯುತ್ ಮೋಟಾರು ಇರುವ ಭಾಗಕ್ಕೆ ದ್ರಾವಣ ಇಳಿಯದಂತೆ ಅದನ್ನು ಮೇಲ್ಮುಖ ಮಾಡಿ ಹಿಡಿಯಬೇಕು. ವಾಲ್ವನ್ನು ಇಡಿಯಾಗಿ ಮುಳುಗಿಸಬಾರದು. ಬಾಗಿಲನ್ನು ಬಲವಂತವಾಗಿ ತಿರುಚಬಾರದು. ಅತ್ತ ಅವನು ಎಂಜಿನ್ನಿನ ಕಡೆಯ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಕೆರೆದ ಮಸಿ ಒಳಗೆ ಬೀಳದಂತೆ ಅಂಚನ್ನು ಶುದ್ಧ ಮಾಡಿದ. ಮರೆತು ಬಟ್ಟೆ ಒಳಗೇ ಉಳಿದರೆ ಎಂಜಿನ್ನೇ ಹಾಳು ಎಂದದ್ದರಿಂದ, ಅದನ್ನು ಹೊರತೆಗೆಯುವವರೆಗೂ ನಾನು ಕಣ್ಣು ಕೀಳಲಿಲ್ಲ. ವಾಲ್ವು ಪೂರ್ತಿ ಒಣಗಿದ ಮೇಲೆ ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದೆವು. ಸ್ಕ್ಯಾನರಿನಲ್ಲಿ ಹಳೆಯ ದೂರನ್ನು ಅಳಿಸಿದ, ಹಳದಿ ದೀಪ ಆರಿತು. ಈ ಸಲ ಅದು ಆರಿದ್ದು ಹೇಳಲು ದೂರಿಲ್ಲದ್ದರಿಂದ. ದ್ರಾವಣ, ಗ್ಯಾಸ್ಕೆಟ್, ಕೈಗವಸು ಸೇರಿ ಸಾವಿರ ರೂಪಾಯಿ ದಾಟಲಿಲ್ಲ.

ತೊಳೆದರೆ ಎಲ್ಲವೂ ಸರಿಹೋಗುತ್ತದೆಂದು ನಾನು ಪ್ರಮಾಣ ಮಾಡುವುದಿಲ್ಲ. ಮೋಟಾರು ಸುಟ್ಟಿದ್ದರೆ ಹೊಸದೇ ಗತಿ. ಇಂಜೆಕ್ಟರ್ ಕೆಟ್ಟಿದ್ದರೆ, ಟರ್ಬೊದಿಂದ ಆಯಿಲ್ ಸೋರುತ್ತಿದ್ದರೆ, ತೊಳೆದ ವಾಲ್ವು ಮತ್ತೆ ಬೇಗನೆ ಕಟ್ಟಿಕೊಳ್ಳುತ್ತದೆ. ಮೂಲವನ್ನು ನೋಡಬೇಕು. ನಮ್ಮ ಗಾಡಿಯ ಮೂಲ ಮಾರುಕಟ್ಟೆಯ ಸಾಲಿನಲ್ಲಿತ್ತು. ಗಂಟೆಗಟ್ಟಲೆ ಎಂಜಿನ್ ಆರಿಸದೆ ನಿಲ್ಲಿಸಿಕೊಂಡಿರುವುದು, ಎಂಜಿನ್ ಕಾಯುವ ಮೊದಲೇ ಮುಗಿಯುವ ಸಣ್ಣ ಸಣ್ಣ ಓಡಾಟ. ಉರಿ ಏಳದ ಒಲೆಯಲ್ಲಿ ಮಸಿ ಹೆಚ್ಚು ಎಂದು ನಮಗೆ ಗೊತ್ತಿಲ್ಲವೆ? ಈಗ ಯಜಮಾನರು ಸಾಲಿನಲ್ಲಿ ಎಂಜಿನ್ ಆರಿಸುತ್ತಾರೆ, ಡೀಸೆಲೂ ಉಳಿಯುತ್ತಿದೆ. ಇನ್ನು 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಂದ ಬಿ.ಎಸ್. 6 ಗಾಡಿಗಳಲ್ಲಿ ಹೊಗೆ ಶುದ್ಧಿ ಮಾಡುವ ಬೇರೆ ಸಾಧನಗಳೂ ಇವಕ್ಕೆ ಕೂಡಿಕೊಂಡಿವೆ. ಅಲ್ಲಿ ತಗಡಿನ ಜಾಣತನ ಇನ್ನೂ ದುಬಾರಿ.

ಆದರೆ ನನ್ನ ನಿಜವಾದ ಜಗಳ ತಗಡಿನ ಜೊತೆಗಲ್ಲ. ತೊಳೆಯುವುದು ಕೀಳು ಕೆಲಸ ಎಂಬ ಎಣಿಕೆಯ ಜೊತೆಗೆ. ಗ್ಯಾರೇಜಿನಲ್ಲಿ ಬದಲಿಸುವವನು ಇಂಜಿನಿಯರು, ತಗಡು ಬಡಿಯುವವನು ಮೇಸ್ತ್ರಿ, ತೊಳೆಯುವವನು ಚಿಕ್ಕ ಹುಡುಗ. ಮನೆಯಲ್ಲಿ ಆ ಚಿಕ್ಕ ಹುಡುಗನ ಜಾಗ ನಮ್ಮದು. ಪಾತ್ರೆ, ಬಚ್ಚಲು, ಚರಂಡಿ, ಗ್ಯಾಸ್ ಒಲೆಯ ಬರ್ನರಿನ ತೂತುಗಳು, ದಿನವೂ ತೊಳೆಯುತ್ತೇವೆ, ದಿನವೂ ಮತ್ತೆ ಕೊಳೆಯಾಗುತ್ತವೆ. ಬರ್ನರ್ ಕಟ್ಟಿಕೊಂಡಿತೆಂದು ಯಾವ ಹೆಂಗಸಾದರೂ ಒಲೆಯನ್ನೇ ಎಸೆದದ್ದುಂಟೆ? ಬಚ್ಚಲು ಕಟ್ಟಿಕೊಂಡಿತೆಂದು ತೂಬಿಗೆ ತಗಡು ಹೊಡೆದು, ನೀರು ಪಕ್ಕದ ಮನೆಗೆ ಹರಿಯಲಿ ಎಂದದ್ದುಂಟೆ? ಲೋಕ ನಡೆಯುತ್ತಿರುವುದು ಈ ಮುಗಿಯದ ತೊಳೆಯುವಿಕೆಯಿಂದ. ಅದನ್ನು ಮಾಡುವವರಿಗೆ ಮಾತ್ರ “ಅದೆಲ್ಲ ನಿಮಗ್ಯಾಕಕ್ಕಾ?”

ನಿಮಗೆ ಯಾಕೆ ಎಂದರೆ, ನಿಮ್ಮ ಹೆಸರಿನಲ್ಲಿ ಹೊಗೆ ಹೋಗುತ್ತಿದೆ. ಗಾಡಿ ಗ್ಯಾರೇಜಿಗೆ ಹೋದ ದಿನ ಬಿಲ್ಲು ಕೇಳಿ. ವಾಲ್ವ್ ಬಿಚ್ಚಿ ತೋರಿಸಿ ಎನ್ನಿ. ಬ್ಲಾಕ್ ಮಾಡ್ತೀವಿ ಎಂದರೆ ಬೇಡ ಎನ್ನಿ. ತೊಳೆದು ಕೊಡಿ, ತೊಳೆದದ್ದಕ್ಕೆ ಕೂಲಿ ಕೊಡುತ್ತೇವೆ ಎನ್ನಿ. ಒಳ್ಳೆಯ ಕೂಲಿಯನ್ನೇ ಕೊಡಿ. ತೊಳೆಯುವ ಕೆಲಸಕ್ಕೆ ಬೆಲೆ ಇಲ್ಲದ್ದರಿಂದಲೇ ಇಷ್ಟೆಲ್ಲ ಆದದ್ದು.

ಯುಗಾದಿ ಕಳೆದರೂ ನಮ್ಮ ಗಾಡಿ ಏರುಗಳನ್ನು ಚೆನ್ನಾಗಿಯೇ ಹತ್ತುತ್ತಿದೆ. ಅತ್ತೆಯವರು ಬೆಳಗಿನ ಐದಕ್ಕೆ ಜಗಲಿಯಿಂದ ಏಳುವುದಿಲ್ಲ. ಆ ಮೇಸ್ತ್ರಿ ಈಗಲೂ ತಗಡು ಬಡಿಯುತ್ತಲೇ ಇದ್ದಾರೆ, ಒಂದು ಲೇಖನದಿಂದ ಅದು ನಿಲ್ಲುವುದಿಲ್ಲ. ಹೋದ ತಿಂಗಳು ಕ್ಲಚ್ ನೋಡಿಸಲು ಹೋಗಿದ್ದಾಗ, ಅಲ್ಲಿನ ಹುಡುಗನೊಬ್ಬ ನಮ್ಮ ಗಾಡಿಯ ಬಾನೆಟ್ ಎತ್ತಿ ಈಜಿಆರ್ ಮುಟ್ಟಲು ಹೋದನಂತೆ. ಮೇಸ್ತ್ರಿ ದೂರದಿಂದಲೇ ಕೂಗಿದರಂತೆ:

“ಲೋ, ಅದನ್ನ ಮುಟ್ಬೇಡ. ಆ ಗಾಡಿ ಓನರು ಮನೇಲವ್ರೆ!”